64 ಕೋರ್ ಬೇಕಾ, 28 ಸಾಕಾ?

2019ರಲ್ಲಿ ದೊಡ್ಡ ಸರ್ವರ್ ಕೊಳ್ಳಲು ಹೊರಟವರ ಮೇಜಿನ ಮೇಲೆ ಎರಡು ಕೊಟೇಶನ್ ಬಂದು ಕೂರುತ್ತಿದ್ದವು. ಒಂದರಲ್ಲಿ ಇಂಟೆಲ್‌ನ ಜಿಯಾನ್ ಪ್ಲಾಟಿನಂ 8280 ಪ್ರೊಸೆಸರ್. ಇನ್ನೊಂದರಲ್ಲಿ ಎಎಂಡಿಯ ಎಪಿಕ್ 7742. ಜಿಯಾನ್ ಆ ವರ್ಷದ ಏಪ್ರಿಲ್‌ನಲ್ಲಿ ಬಂತು. 28 ಕೋರ್, ಪಟ್ಟಿ ಬೆಲೆ 10,009 ಡಾಲರ್. ಎಪಿಕ್ ಆಗಸ್ಟ್‌ನಲ್ಲಿ ಬಂತು. 64 ಕೋರ್, ಪಟ್ಟಿ ಬೆಲೆ 6,950 ಡಾಲರ್.

ಭಾಗಾಕಾರ ಮಾಡಿದರೆ ಇಂಟೆಲ್‌ನಲ್ಲಿ ಒಂದು ಕೋರ್‌ಗೆ ಸುಮಾರು 357 ಡಾಲರ್ ಬೀಳುತ್ತದೆ, ಎಎಂಡಿಯಲ್ಲಿ ಸುಮಾರು 109. ಇನ್ನೇನು ಯೋಚನೆ, ಎರಡನೆಯದಕ್ಕೇ ಆರ್ಡರ್ ಹಾಕೋಣ ಅನ್ನಿಸುತ್ತೆ ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಬೆಲೆಯನ್ನು ಕೋರ್‌ನಿಂದ ಭಾಗಿಸುವುದು ಬರೀ ಒಂದು ಲೆಕ್ಕ. ಮಾಡಿದ ಕೆಲಸದಿಂದ ಭಾಗಿಸಬಹುದು. ಕರೆಂಟ್‌ನಿಂದ ಭಾಗಿಸಬಹುದು. ಅದರ ಮೇಲೆ ಓಡುವ ಸಾಫ್ಟ್‌ವೇರ್‌ನ ಲೈಸೆನ್ಸ್ ದುಡ್ಡು ಸೇರಿಸಿ ಭಾಗಿಸಬಹುದು. ಯಾವುದರಿಂದ ಭಾಗಿಸುತ್ತೀರಿ ಅನ್ನುವುದರ ಮೇಲೆ ಉತ್ತರ ತಲೆಕೆಳಗಾಗುತ್ತದೆ. ಈ ಎರಡು ಪ್ರೊಸೆಸರ್‌ಗಳಲ್ಲಿ ಅದು ತುಂಬ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಇವನ್ನು ಆರಿಸಿಕೊಂಡಿದ್ದೇನೆ. ಈಗ ಇವೆರಡೂ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿರುವುದರಿಂದ ಸಣ್ಣ ಕಂಪನಿಗಳಿಗೂ, ಮನೆಯಲ್ಲೇ ಸರ್ವರ್ ಇಟ್ಟುಕೊಂಡು ಕಲಿಯುವ ಹುಡುಗರಿಗೂ ಇದು ಇವತ್ತಿನ ಪ್ರಶ್ನೆಯೇ.

ಮದುವೆ ಮನೆಯ ಅಡುಗೆ ನೆನಪಿಸಿಕೊಳ್ಳಿ. ಕೋರ್ ಅಂದರೆ ಒಬ್ಬ ಅಡುಗೆಯವರು. ಗಿಗಾಹರ್ಟ್ಸ್ ಅಂದರೆ ಅವರ ಕೈ ಎಷ್ಟು ಚುರುಕು ಅನ್ನುವುದು. ಮೆಮೊರಿ ಅಂದರೆ ಉಗ್ರಾಣ. ಕ್ಯಾಶ್ ಅಂದರೆ ಒಲೆ ಪಕ್ಕದಲ್ಲೇ ಇಟ್ಟುಕೊಂಡ ಸಾಂಬಾರ ಡಬ್ಬಿ, ಉಗ್ರಾಣದವರೆಗೆ ಓಡದೆ ಕೈ ಚಾಚಿದರೆ ಸಿಗುವಂಥದ್ದು. ಒಂದು ಕಡೆ ಚುರುಕು ಕೈಯ 28 ಜನ ಇದ್ದಾರೆ. ಇನ್ನೊಂದು ಕಡೆ ಸ್ವಲ್ಪ ನಿಧಾನದ 64 ಜನ. ಸಾವಿರ ಎಲೆಗೆ ಹೋಳಿಗೆ ತಟ್ಟಬೇಕಾದರೆ 64 ಜನರ ಗುಂಪೇ ಬೇಗ ಮುಗಿಸುತ್ತದೆ. ಆದರೆ ಒಂದು ಬಾಣಲೆ ಮೈಸೂರು ಪಾಕ್ ಆಗಬೇಕು ಅಂದರೆ? ಬಾಣಲೆ ಮುಂದೆ ನಿಂತು ಕೈಯಾಡಿಸುವುದು ಒಬ್ಬರೇ. ಉಳಿದ 63 ಜನ ಇದ್ದೂ ಪ್ರಯೋಜನವಿಲ್ಲ.

ನಮ್ಮ ಕಚೇರಿಯಲ್ಲಿ ತಿಂಗಳ ಕೊನೆಗೆ ಲೆಕ್ಕ ಮುಗಿಸುವ ಒಂದು ಹಳೇ ಪ್ರೋಗ್ರಾಂ ಇದೆ. ಅದು ಮೈಸೂರು ಪಾಕ್ ಜಾತಿಯದು. ಎಪಿಕ್ ಮೆಷಿನ್‌ಗೆ ಅದನ್ನು ಹಾಕಿದ ರಾತ್ರಿ ನಾನು ಎಚ್‌ಟಾಪ್ (ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಪ್ರೋಗ್ರಾಂ) ತೆರೆದು ನೋಡುತ್ತಿದ್ದೆ. ಪರದೆ ತುಂಬ 128 ಗೆರೆ. 64 ಕೋರ್, ಪ್ರತಿ ಕೋರ್‌ಗೆ ಎರಡು ಥ್ರೆಡ್, ಅಂದರೆ ಒಬ್ಬೊಬ್ಬ ಅಡುಗೆಯವರ ಮುಂದೆ ಎರಡೆರಡು ಒಲೆ. ಅದರಲ್ಲಿ ಒಂದೇ ಒಂದು ಗೆರೆ ನೂರಕ್ಕೆ ನೂರು ತುಂಬಿತ್ತು. ಉಳಿದ 127 ಗೆರೆ ಖಾಲಿ. ಲೆಕ್ಕ ಮುಗಿಯಲು ಹಳೇ ಸರ್ವರ್‌ನಲ್ಲಿ ಹಿಡಿಯುತ್ತಿದ್ದಷ್ಟೇ ಹೊತ್ತು ಹಿಡಿಯಿತು. ಅವತ್ತು ಪಟ್ಟ ಬೇಜಾರು ಇವತ್ತಿಗೂ ನೆನಪಿದೆ. ತಪ್ಪು ಪ್ರೊಸೆಸರ್‌ನದ್ದಲ್ಲ. ಕೆಲಸದ ಸ್ವಭಾವ ನೋಡದೆ ಮೆಷಿನ್ ಆರಿಸಿದ್ದು ನಮ್ಮದೇ ತಪ್ಪು.

ಇಂಥ ಒಂಟಿ ಕೈಯ ಕೆಲಸಕ್ಕೆ ಜಿಯಾನ್ ಮುಂದೆ. ಅದರ ಗರಿಷ್ಠ ವೇಗ 4.0 ಗಿಗಾಹರ್ಟ್ಸ್, ಎಪಿಕ್‌ನದು 3.4. ಕಾಗದದ ಮೇಲೆ ಸುಮಾರು 18 ಶೇಕಡಾ ವ್ಯತ್ಯಾಸ. ನಿಜವಾದ ಕೆಲಸದಲ್ಲಿ ಅಷ್ಟು ಅಂತರ ಕಾಣುವುದಿಲ್ಲ. ಎಪಿಕ್‌ನೊಳಗಿನ ಎಎಂಡಿಯ ಝೆನ್ 2 ವಿನ್ಯಾಸ ಒಂದೊಂದು ಕ್ಲಾಕ್‌ನಲ್ಲಿ, ಅಂದರೆ ಕೈಯ ಒಂದೊಂದು ಬೀಸಿನಲ್ಲಿ, ಕೊಂಚ ಜಾಸ್ತಿ ಕೆಲಸ ಮಾಡುವುದರಿಂದ ಅಂತರ ಕರಗುತ್ತದೆ. ಇನ್ನೊಂದು ವಿಷಯವೂ ಇದೆ. ಆ 4.0 ಅನ್ನುವುದು ಒಂದೆರಡು ಕೋರ್ ಮಾತ್ರ ಓಡುತ್ತಿರುವಾಗಿನ ವೇಗ. 28 ಕೋರ್ ಒಟ್ಟಿಗೆ ಕೆಲಸಕ್ಕೆ ಇಳಿದರೆ ಅದು 3.3ಕ್ಕೆ ಬಂದು ನಿಲ್ಲುತ್ತದೆ. ಡಬ್ಬಿ ಮೇಲಿನ ದೊಡ್ಡ ಅಂಕಿ ನೋಡಿ ಮಾರುಹೋಗಬೇಡಿ.

ಎಲ್ಲ ಕೋರ್ ತುಂಬಿಸುವ ಕೆಲಸ ಇದ್ದರೆ ಮಾತೇ ಬೇರೆ. ಸರ್ವರ್‌ಗಳನ್ನು ಅಳೆಯಲು ಎಲ್ಲರೂ ಒಪ್ಪಿದ ಪರೀಕ್ಷೆ ಸ್ಪೆಕ್ ಸಿಪಿಯು 2017. ಅದರಲ್ಲಿ ಎರಡು ಬಗೆ. ‘ಸ್ಪೀಡ್’ ಅನ್ನುವುದು ಒಂದು ಕೆಲಸ ಎಷ್ಟು ಬೇಗ ಮುಗಿಯಿತು ಅಂತ ನೋಡುತ್ತದೆ. ‘ರೇಟ್’ ಅನ್ನುವುದು ಒಂದೇ ಹೊತ್ತಿನಲ್ಲಿ ಎಷ್ಟು ಕೆಲಸ ಮುಗಿಯಿತು ಅಂತ ನೋಡುತ್ತದೆ. ರೇಟ್ ಪರೀಕ್ಷೆಯ ಪೂರ್ಣಾಂಕ ಲೆಕ್ಕದಲ್ಲಿ ಎರಡು 7742 ಇರುವ ಸರ್ವರ್, ಎರಡು 8280 ಇರುವ ಸರ್ವರ್‌ಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಅಂಕ ತೆಗೆಯಿತು. ಇಷ್ಟು ಅಂತರ ಒಂದೇ ತಲೆಮಾರಿನ ಎದುರಾಳಿಗಳ ನಡುವೆ ಕಾಣುವುದು ಅಪರೂಪ. ಮಾರುವವರು ತೋರಿಸುವ ಚಿತ್ರದಲ್ಲಿ ಸ್ಪೀಡ್ ಇದೆಯೋ ರೇಟ್ ಇದೆಯೋ ಅಂತ ಮೊದಲು ನೋಡಿ. ನಿಮ್ಮದು ನೂರಾರು ಜನ ಒಟ್ಟಿಗೆ ಬಳಸುವ ವೆಬ್‌ಸೈಟ್ ಆದರೆ ರೇಟ್ ನಿಮ್ಮ ಅಂಕಿ. ನಮ್ಮ ತಿಂಗಳ ಲೆಕ್ಕದಂಥ ಕೆಲಸವಾದರೆ ಅಲ್ಲ.

ಕಡಿಮೆ ಬೆಲೆ ಎಲ್ಲಿಂದ ಬಂತು?

64 ಕೋರ್ ಕೊಟ್ಟೂ ಮೂರು ಸಾವಿರ ಡಾಲರ್ ಕಡಿಮೆಗೆ ಮಾರಲು ಹೇಗೆ ಸಾಧ್ಯವಾಯಿತು? ಉತ್ತರ ಚಿಪ್ ಕತ್ತರಿಸುವ ರೀತಿಯಲ್ಲಿದೆ. ಎಪಿಕ್‌ನ ಇಡೀ ಕತೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದೇ.

8280ರಲ್ಲಿ 28 ಕೋರ್‌ಗಳೂ ಒಂದೇ ಸಿಲಿಕಾನ್ ತುಂಡಿನ ಮೇಲಿವೆ. ಆ ತುಂಡಿನ ಗಾತ್ರ 700 ಚದರ ಮಿಲಿಮೀಟರ್ ಹತ್ತಿರ. ತಯಾರಾಗುವುದು 14 ನ್ಯಾನೋಮೀಟರ್ ತಂತ್ರದಲ್ಲಿ. 7742ರಲ್ಲಿ ಒಂಬತ್ತು ತುಂಡುಗಳಿವೆ. ಎಂಟು ಸಣ್ಣವು, ಒಂದೊಂದೂ ಸುಮಾರು 74 ಚದರ ಮಿಲಿಮೀಟರ್, ಒಂದೊಂದರಲ್ಲೂ ಎಂಟು ಕೋರ್. ಅವನ್ನು ತೈವಾನ್‌ನ ಟಿಎಸ್‌ಎಂಸಿ 7 ನ್ಯಾನೋಮೀಟರ್ ತಂತ್ರದಲ್ಲಿ ಮಾಡುತ್ತದೆ. ನಡುವೆ ಒಂದು ದೊಡ್ಡ ತುಂಡು ಕೂತಿದೆ, ಸುಮಾರು 416 ಚದರ ಮಿಲಿಮೀಟರ್. ಮೆಮೊರಿ, ಪಿಸಿಐಇ ಕಾರ್ಡು (ನೆಟ್‌ವರ್ಕ್, ಗ್ರಾಫಿಕ್ಸ್ ಕಾರ್ಡಿನಂಥವು), ಡಿಸ್ಕು ಎಲ್ಲದರ ಜೊತೆ ಮಾತಾಡುವುದು ಅದರ ಕೆಲಸ. ಅದಕ್ಕೆ ದುಬಾರಿ ತಂತ್ರ ಬೇಕಿಲ್ಲ, ಹಳೆಯ 14 ನ್ಯಾನೋಮೀಟರ್ ಸಾಕು.

ಬಟ್ಟೆ ಅಂಗಡಿಯ ಥಾನು ನೆನೆಸಿಕೊಳ್ಳಿ. ಥಾನಿನಲ್ಲಿ ಅಲ್ಲಲ್ಲಿ ಕಲೆ ಇದೆ, ಎಲ್ಲಿದೆ ಅಂತ ಮೊದಲೇ ಗೊತ್ತಿಲ್ಲ. ಅದರಲ್ಲಿ ಸೀರೆ ಕತ್ತರಿಸಿದರೆ ಹೆಚ್ಚಿನ ಸೀರೆಗಳಲ್ಲಿ ಒಂದಾದರೂ ಕಲೆ ಬರುತ್ತದೆ. ಅದೇ ಥಾನಿನಲ್ಲಿ ಕರ್ಚೀಫು ಕತ್ತರಿಸಿದರೆ? ಕಲೆ ಬಿದ್ದ ನಾಲ್ಕು ಕರ್ಚೀಫು ಪಕ್ಕಕ್ಕಿಟ್ಟು ಉಳಿದದ್ದೆಲ್ಲ ಮಾರಬಹುದು. ಸಿಲಿಕಾನ್ ಬಿಲ್ಲೆಯಲ್ಲೂ ಹೀಗೇ ದೋಷಗಳಿರುತ್ತವೆ. ದೊಡ್ಡ ತುಂಡು ಕತ್ತರಿಸುವವರು ಅರ್ಧಂಬರ್ಧ ಕೆಟ್ಟದ್ದನ್ನು ಕೆಲವು ಕೋರ್ ಮುಚ್ಚಿ ಕಡಿಮೆ ದರ್ಜೆಯ ಪ್ರೊಸೆಸರ್ ಅಂತ ಮಾರುತ್ತಾರೆ. ಪೂರ್ತಿ 28 ಕೋರ್ ಸರಿಯಿರುವ ತುಂಡು ಕಡಿಮೆ, ಅದಕ್ಕೇ ಬೆಲೆ ಜಾಸ್ತಿ. ಸಣ್ಣ ತುಂಡು ಕತ್ತರಿಸುವವರಿಗೆ ಆ ನಷ್ಟ ಕಡಿಮೆ. ಎಪಿಕ್‌ನ ಬೆಲೆ ಹಿಂದಿರುವ ದೊಡ್ಡ ಕಾರಣ ಇದು.

ಆದರೆ ತುಂಡು ಮಾಡಿದ್ದಕ್ಕೆ ಒಂದು ಬೆಲೆ ತೆರಬೇಕು. 7742ರಲ್ಲಿ ಕೋರ್‌ಗಳು ಹಂಚಿಕೊಳ್ಳುವ ಎಲ್-3 ಕ್ಯಾಶ್ ಒಟ್ಟು 256 ಎಂಬಿ ಇದೆ, ಜಿಯಾನ್‌ನಲ್ಲಿ 38.5 ಎಂಬಿ ಮಾತ್ರ. ಕೇಳಲು ಭಾರೀ ವ್ಯತ್ಯಾಸ. ಆದರೆ ಆ 256 ಎಂಬಿ ಒಂದೇ ಕಡೆ ಇಲ್ಲ. 16 ಎಂಬಿಯ 16 ಡಬ್ಬಿಗಳಾಗಿ ಹಂಚಿಹೋಗಿದೆ, ನಾಲ್ಕು ಕೋರ್‌ಗೆ ಒಂದು ಡಬ್ಬಿ. ಪಕ್ಕದ ಗುಂಪಿನ ಡಬ್ಬಿಯಲ್ಲಿರುವುದು ಬೇಕಾದರೆ ನಡುವಿನ ದೊಡ್ಡ ತುಂಡಿನ ಮೂಲಕ ಸುತ್ತಿ ಬರಬೇಕು. ಜಿಯಾನ್‌ನ 38.5 ಎಂಬಿ ಚಿಕ್ಕದಾದರೂ 28 ಕೋರ್‌ಗಳಿಗೂ ಒಂದೇ ಡಬ್ಬಿ. ಬೇರೆ ಬೇರೆ ಗಿರಾಕಿಗಳ ಸಣ್ಣ ಸಣ್ಣ ವರ್ಚುವಲ್ ಮೆಷಿನ್ (ಒಂದೇ ಸರ್ವರ್‌ನೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಬೇರೆ ಬೇರೆ ಕಂಪ್ಯೂಟರ್) ಓಡಿಸುವವರಿಗೆ ಎಪಿಕ್‌ನ ವ್ಯವಸ್ಥೆ ಹೇಳಿ ಮಾಡಿಸಿದಂತಿದೆ. ಎಲ್ಲ ಥ್ರೆಡ್‌ಗಳೂ ಒಂದೇ 30 ಎಂಬಿ ಡೇಟಾವನ್ನು ಮತ್ತೆ ಮತ್ತೆ ಮುಟ್ಟುವ ಪ್ರೋಗ್ರಾಂ ಆದರೆ ಜಿಯಾನ್ ಚೆನ್ನಾಗಿ ಓಡಬಹುದು.

ಉಗ್ರಾಣದ ಬಾಗಿಲು

ಕಳೆದ ವರ್ಷ ಒಬ್ಬ ಸ್ನೇಹಿತರು ಫೋನ್ ಮಾಡಿದರು. ‘ಸೆಕೆಂಡ್ ಹ್ಯಾಂಡ್ 7742 ಸರ್ವರ್ ತಗೊಂಡೆ ಕಣ್ರೀ, ಹೇಳಿದಷ್ಟು ಏನೂ ಓಡ್ತಿಲ್ಲ’ ಅಂದರು. ಭಾನುವಾರ ಹೋಗಿ ಮುಚ್ಚಳ ತೆಗೆದೆವು. ಪ್ರೊಸೆಸರ್ ಸರಿ ಇತ್ತು, ಫ್ಯಾನ್ ಸರಿ ಇತ್ತು. ಅದರ ಎಡಬಲಕ್ಕೆ ಸಾಲಾಗಿ ಮೆಮೊರಿ ಸ್ಲಾಟ್‌ಗಳು, ಅವುಗಳಲ್ಲಿ ಎರಡರಲ್ಲಿ ಮಾತ್ರ ರ‍್ಯಾಮ್. ಒಂದೊಂದೂ 64 ಜಿಬಿಯದು. ಉಳಿದ ಸ್ಲಾಟ್‌ಗಳಲ್ಲಿ ಧೂಳು.

128 ಜಿಬಿ ಇದೆಯಲ್ಲ, ಸಾಕಲ್ವಾ ಅಂತ ಅವರಿಗೆ ಅನ್ನಿಸಿತ್ತು. ಗಾತ್ರ ಸಾಕು, ದಾರಿ ಸಾಲದು. 7742ಕ್ಕೆ ಎಂಟು ಮೆಮೊರಿ ಚಾನೆಲ್‌ಗಳಿವೆ, ಅಂದರೆ ಉಗ್ರಾಣಕ್ಕೆ ಎಂಟು ಬಾಗಿಲು. ಡಿಡಿಆರ್4-3200 ರ‍್ಯಾಮ್ ಹಾಕಿದರೆ ಒಂದು ಬಾಗಿಲಿನಿಂದ ಸೆಕೆಂಡಿಗೆ 25.6 ಜಿಬಿ ಡೇಟಾ ಬರುತ್ತದೆ. ಎಂಟೂ ತೆರೆದರೆ 204.8. ಸ್ನೇಹಿತರ ಮೆಷಿನ್‌ನಲ್ಲಿ ಎರಡೇ ಬಾಗಿಲು ತೆರೆದಿದ್ದವು, ಅಂದರೆ 51.2. ಅಷ್ಟರಲ್ಲಿ 64 ಜನ ಅಡುಗೆಯವರಿಗೆ ಸಾಮಾನು ಒದಗಬೇಕು. ಆ ಎರಡನ್ನು ತೆಗೆದು 16 ಜಿಬಿಯ ಎಂಟು ರ‍್ಯಾಮ್ ಹಾಕಿಸಿದೆವು. ಒಟ್ಟು ಗಾತ್ರ ಅದೇ 128 ಜಿಬಿ. ಮೆಷಿನ್ ಬೇರೆಯದೇ ಆಯಿತು.

ಜಿಯಾನ್ 8280ಕ್ಕೆ ಆರು ಚಾನೆಲ್, ಡಿಡಿಆರ್4-2933. ಪೂರ್ತಿ ತುಂಬಿದರೆ ಸೆಕೆಂಡಿಗೆ 140.8 ಜಿಬಿ. ಒಟ್ಟು ನೋಡಿದರೆ ಎಪಿಕ್ ಬಹಳ ಮುಂದೆ. ಆದರೆ ಇಲ್ಲೂ ಭಾಗಿಸಿ ನೋಡಿ. ಎಪಿಕ್‌ನಲ್ಲಿ ಒಂದು ಕೋರ್‌ಗೆ 3.2 ಜಿಬಿ ಬೀಳುತ್ತದೆ. ಜಿಯಾನ್‌ನಲ್ಲಿ 5 ಜಿಬಿ. ಹವಾಮಾನ ಲೆಕ್ಕ, ದ್ರವಗಳ ಹರಿವಿನ ಲೆಕ್ಕದಂಥ ಕೆಲಸಗಳಲ್ಲಿ ಪ್ರತಿ ಕೋರ್ ಸದಾ ಮೆಮೊರಿಗೆ ಕೈ ಚಾಚುತ್ತಲೇ ಇರುತ್ತದೆ. ಅಲ್ಲಿ 64 ಕೋರ್‌ಗಳ ಪೈಕಿ ಒಂದಷ್ಟು ಸಾಮಾನು ಬರಲಿ ಅಂತ ಕಾಯುತ್ತ ಕೂರುತ್ತವೆ. ಅಂಥ ಕೆಲಸದಲ್ಲಿ ಎಪಿಕ್ ಎರಡು ಪಟ್ಟು ಬದಲು ಒಂದೂವರೆ ಪಟ್ಟಿನ ಹತ್ತಿರ ನಿಲ್ಲುವುದಕ್ಕೆ ಕಾರಣ ಇದು. 204.8 ಮತ್ತು 140.8ರ ನಡುವಿನ ಅನುಪಾತವೂ ಅಷ್ಟೇ ಇದೆ, ಗಮನಿಸಿ.

ಮೆಮೊರಿಯ ಗಾತ್ರದಲ್ಲಿ ಇಂಟೆಲ್ ಒಂದು ಕೆಲಸ ಮಾಡಿತ್ತು. ಅದನ್ನು ನಾನು ಒಪ್ಪುವುದಿಲ್ಲ. ಸಾದಾ 8280 ಒಂದು ಪ್ರೊಸೆಸರ್‌ಗೆ 1 ಟಿಬಿವರೆಗೆ ಮಾತ್ರ ಮೆಮೊರಿ ಹಾಕಲು ಬಿಡುತ್ತಿತ್ತು. 4.5 ಟಿಬಿ ಬೇಕಾದರೆ 8280ಎಲ್ ಅನ್ನುವುದನ್ನು ಕೊಳ್ಳಬೇಕು, ಅದರ ಪಟ್ಟಿ ಬೆಲೆ 17,906 ಡಾಲರ್. ಅದೇ ಕೋರ್, ಅದೇ ವೇಗ. ಜಾಸ್ತಿ ಕೊಟ್ಟ ಸುಮಾರು 7,900 ಡಾಲರ್ ಬರೀ ಮಿತಿ ಸಡಿಲಿಸಿದ್ದಕ್ಕೆ. ಎಎಂಡಿಯಲ್ಲಿ ಆ ಪೀಳಿಗೆಯ ಅಗ್ಗದ ಎಪಿಕ್‌ನಲ್ಲೂ 4 ಟಿಬಿ ಹಾಕಬಹುದಿತ್ತು.

ಕಾರ್ಡು, ಡಿಸ್ಕುಗಳ ಮಾತಿನಲ್ಲಿ ಹೆಚ್ಚು ಚರ್ಚೆಗೆ ಜಾಗವಿಲ್ಲ. ಎಪಿಕ್‌ನಲ್ಲಿ ಪಿಸಿಐಇ 4ನೇ ಪೀಳಿಗೆಯ 128 ಲೇನ್, ಅಂದರೆ ಕಾರ್ಡು, ಡಿಸ್ಕುಗಳ ಡೇಟಾ ಓಡಾಡುವ ದಾರಿಗಳು. ಜಿಯಾನ್‌ನಲ್ಲಿ 3ನೇ ಪೀಳಿಗೆಯ 48 ಲೇನ್, ವೇಗವೂ ಅರ್ಧ. ಎನ್‌ವಿಎಂಇ ಅನ್ನುವ ವೇಗದ ಡಿಸ್ಕು ಒಂದಕ್ಕೆ ನಾಲ್ಕು ಲೇನ್ ಬೇಕು. 24 ಡಿಸ್ಕಿಗೆ 96. ಮೇಲೆ ಒಂದು ದೊಡ್ಡ ನೆಟ್‌ವರ್ಕ್ ಕಾರ್ಡಿಗೆ 16. ಎಲ್ಲ ಸೇರಿ 112, ಒಂದೇ ಎಪಿಕ್‌ನಲ್ಲಿ ಮುಗಿಯುತ್ತದೆ. ಎನ್‌ವಿಡಿಯಾ ಕಂಪನಿ 2020ರಲ್ಲಿ ತನ್ನ ಡಿಜಿಎಕ್ಸ್ ಎ100 ಅನ್ನುವ ಎಐ ಮೆಷಿನ್‌ಗೆ ಎರಡೆರಡು 7742 ಹಾಕಿತು. ಅದರ ಹಿಂದಿನ ಡಿಜಿಎಕ್ಸ್-2ರಲ್ಲಿ ಇದ್ದದ್ದು ಇಂಟೆಲ್. ಪುಣೆಯ ಸಿ-ಡ್ಯಾಕ್ ಅನ್ನುವ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಲ್ಲಿರುವ ಪರಮ್ ಸಿದ್ಧಿ ಎಐ ಕಟ್ಟಿರುವುದು ಇದೇ ಡಿಜಿಎಕ್ಸ್ ಎ100ಗಳಿಂದ. ಹಾಗಾಗಿ 7742 ನಮ್ಮ ದೇಶದ ಸೂಪರ್ ಕಂಪ್ಯೂಟರ್‌ನೊಳಗೂ ಇದೆ.

ಹಾಗಂತ ಇಂಟೆಲ್‌ನ ಆ ಪೀಳಿಗೆಯನ್ನು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್ 3.3 ಪೆಟಾಫ್ಲಾಪ್ ಸಾಮರ್ಥ್ಯದ್ದು, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಅದರ ಸಿಪಿಯು ನೋಡ್‌ಗಳಲ್ಲಿ ಇರುವುದು 8280ರ ಮನೆತನದ್ದೇ ಆದ ಕ್ಯಾಸ್ಕೇಡ್ ಲೇಕ್ ಜಿಯಾನ್‌ಗಳು. ಆ ಮನೆತನದ ಬಲ ಎವಿಎಕ್ಸ್-512. ಒಂದೇ ಆಜ್ಞೆಯಲ್ಲಿ ಎಂಟು ದೊಡ್ಡ ದಶಮಾಂಶ ಸಂಖ್ಯೆಗಳನ್ನು ಒಟ್ಟಿಗೆ ಲೆಕ್ಕ ಹಾಕುವ ಶಕ್ತಿ. ಎಪಿಕ್ ನಾಲ್ಕನ್ನು ಹಾಕುತ್ತದೆ. ಹಾಗಾಗಿ ಕೋರ್ ಒಂದಕ್ಕೆ ಜಿಯಾನ್‌ನದು ಎರಡು ಪಟ್ಟು ಶಕ್ತಿ. ಅಂಥ ಹಲವು ಲೆಕ್ಕ ಒಟ್ಟಿಗೆ ನಡೆಯುವುದರಿಂದ ಒಂದು ಕ್ಲಾಕ್‌ಗೆ ಜಿಯಾನ್‌ನ ಒಂದು ಕೋರ್ 32 ಲೆಕ್ಕ ಮಾಡುತ್ತದೆ, ಎಪಿಕ್‌ನದು 16. ಆದರೆ ಕೋರ್ ಎಣಿಕೆಯಿಂದ ಗುಣಿಸಿದರೆ ಜಿಯಾನ್ 896 ಲೆಕ್ಕ, ಎಪಿಕ್ 1,024 ಲೆಕ್ಕ. ಮೇಲಾಗಿ ಎವಿಎಕ್ಸ್-512 ಓಡುವಾಗ ಜಿಯಾನ್ ಬಿಸಿ ತಡೆಯಲು ವೇಗ ಇಳಿಸುತ್ತದೆ. ಇಂಟೆಲ್‌ನ ಇನ್ನೂ ಎರಡು ಅನುಕೂಲ ಹೇಳಲೇಬೇಕು. ಒಂದು, ಎಐ ಮಾದರಿಗಳ ಸಣ್ಣ ಸಂಖ್ಯೆಯ ಲೆಕ್ಕಕ್ಕೆ ಅದರಲ್ಲಿ ಬೇರೆ ಆಜ್ಞೆಗಳೇ ಇದ್ದವು. ಎರಡು, ಎಂಟು 8280ಗಳನ್ನು ಒಂದೇ ಸರ್ವರ್‌ಗೆ ಹಾಕಬಹುದು. ಎಪಿಕ್ ಎರಡಕ್ಕೇ ನಿಲ್ಲುತ್ತದೆ.

ಲೈಸೆನ್ಸ್ ಬಿಲ್ಲು

ಇಲ್ಲಿಯವರೆಗಿನ ಲೆಕ್ಕದಲ್ಲಿ ಎಪಿಕ್ ಗೆದ್ದಂತೆ ಕಾಣುತ್ತದೆ. ಈಗ ಇನ್ನೊಂದು ಕಾಗದ ತೆಗೆಯೋಣ.

ಒರಾಕಲ್ ಡೇಟಾಬೇಸ್‌ನ ಎಂಟರ್‌ಪ್ರೈಸ್ ಆವೃತ್ತಿಯ ಪಟ್ಟಿ ಬೆಲೆ ಒಂದು ಪ್ರೊಸೆಸರ್ ಲೈಸೆನ್ಸ್‌ಗೆ 47,500 ಡಾಲರ್. ಹೆಸರು ಪ್ರೊಸೆಸರ್ ಲೈಸೆನ್ಸ್ ಆದರೂ ಎಣಿಸುವುದು ಕೋರ್. ಇಂಟೆಲ್, ಎಎಂಡಿ ಎರಡಕ್ಕೂ ಎರಡು ಕೋರ್‌ಗೆ ಒಂದು ಲೈಸೆನ್ಸ್ ಅನ್ನುವುದು ಅವರ ನಿಯಮ. ಹಾಗಾದರೆ 28 ಕೋರ್‌ನ 8280ಕ್ಕೆ 14 ಲೈಸೆನ್ಸ್, 6,65,000 ಡಾಲರ್. 64 ಕೋರ್‌ನ 7742ಕ್ಕೆ 32 ಲೈಸೆನ್ಸ್, 15,20,000 ಡಾಲರ್. ವ್ಯತ್ಯಾಸ 8,55,000 ಡಾಲರ್. ಜೊತೆಗೆ ಪ್ರತಿ ವರ್ಷ ಸಪೋರ್ಟ್‌ಗೆ ಲೈಸೆನ್ಸ್ ಬೆಲೆಯ 22 ಶೇಕಡಾ ಕಟ್ಟಬೇಕು. ಅದೂ ಇದೇ ಅನುಪಾತದಲ್ಲಿ ಏರುತ್ತದೆ.

ಪ್ರೊಸೆಸರ್‌ನಲ್ಲಿ ಉಳಿದದ್ದು 3,059 ಡಾಲರ್. ಲೈಸೆನ್ಸ್‌ನಲ್ಲಿ ಹೆಚ್ಚಾದದ್ದು ಎಂಟೂವರೆ ಲಕ್ಷ. ದೊಡ್ಡ ಗಿರಾಕಿಗಳಿಗೆ ರಿಯಾಯಿತಿ ಸಿಗುತ್ತದೆ, ಯಾರೂ ಪೂರ್ತಿ ಪಟ್ಟಿ ಬೆಲೆ ಕೊಡುವುದಿಲ್ಲ, ಸರಿ. ಆದರೆ ಎಷ್ಟೇ ರಿಯಾಯಿತಿ ಕೊಟ್ಟರೂ ಈ ಅಂತರ ಪ್ರೊಸೆಸರ್ ಬೆಲೆಯ ಅಂತರದ ಹತ್ತಿರಕ್ಕೂ ಇಳಿಯುವುದಿಲ್ಲ. ಇಂಥ ಡೇಟಾಬೇಸ್ ಓಡಿಸುವವರು ಕೇಳಬೇಕಾದದ್ದು ಬೇರೆ: ಕಡಿಮೆ ಕೋರ್‌ನಲ್ಲಿ ಜಾಸ್ತಿ ಕೆಲಸ ಯಾವುದು ಕೊಡುತ್ತದೆ?

ಎಎಂಡಿಗೂ ಇದು ಗೊತ್ತಿತ್ತು. 2020ರ ಏಪ್ರಿಲ್‌ನಲ್ಲಿ ಎಪಿಕ್ 7ಎಫ್52 ಅಂತ ಒಂದನ್ನು ತಂದಿತು. 16 ಕೋರ್, ಮೂಲ ವೇಗ 3.5 ಗಿಗಾಹರ್ಟ್ಸ್, ಗರಿಷ್ಠ 3.9, ಬೆಲೆ 3,100 ಡಾಲರ್. ಎಲ್-3 ಕ್ಯಾಶ್ ಮಾತ್ರ ಅದೇ 256 ಎಂಬಿ. 16 ಡಬ್ಬಿ, 16 ಕೋರ್. ನಾಲ್ವರು ಹಂಚಿಕೊಳ್ಳುತ್ತಿದ್ದ ಡಬ್ಬಿ ಇಲ್ಲಿ ಒಬ್ಬರಿಗೇ. ಕೋರ್ ಎಣಿಕೆ ಮೇಲೆ ನೋಡಿದರೆ ಒಂದಕ್ಕೆ 194 ಡಾಲರ್ ಬೀಳುತ್ತದೆ, 7742ಗಿಂತ ತುಂಬ ದುಬಾರಿ. ಆದರೆ ಒರಾಕಲ್ ಲೈಸೆನ್ಸ್ ಬೇಕಾದದ್ದು ಎಂಟೇ, 3,80,000 ಡಾಲರ್. ಕೋರ್ ಲೆಕ್ಕದಲ್ಲಿ ದುಬಾರಿಯಾದದ್ದೇ ಒಟ್ಟು ಬಿಲ್ಲಿನಲ್ಲಿ ಅಗ್ಗ.

ವರ್ಚುವಲ್ ಮೆಷಿನ್ ಓಡಿಸುವ ಸಾಫ್ಟ್‌ವೇರ್ ಮಾರುವ ವಿಎಂವೇರ್ ಕತೆಯೂ ಇದೇ ಕಾಲದ್ದು. ಮೊದಲು ಅವರು ಪ್ರೊಸೆಸರ್‌ಗೆ ಒಂದು ಲೈಸೆನ್ಸ್ ಅನ್ನುತ್ತಿದ್ದರು, ಒಳಗೆ ಎಷ್ಟು ಕೋರ್ ಇದ್ದರೂ ಸರಿ. 64 ಕೋರ್ ಬಂದ ಮೇಲೆ 2020ರ ಏಪ್ರಿಲ್‌ನಿಂದ ನಿಯಮ ಬದಲಾಯಿತು. ಒಂದು ಲೈಸೆನ್ಸ್‌ಗೆ 32 ಕೋರ್ ಮಾತ್ರ. 7742 ಇದ್ದವರು ಎರಡು ಕೊಳ್ಳಬೇಕು, 8280 ಇದ್ದವರಿಗೆ ಒಂದೇ ಸಾಕು. ಆಮೇಲೆ ಅದು ಪೂರ್ತಿ ಕೋರ್ ಲೆಕ್ಕಕ್ಕೇ ಬಂತು. ವಿಂಡೋಸ್ ಸರ್ವರ್, ಎಸ್‌ಕ್ಯೂಎಲ್ ಸರ್ವರ್ ಕೂಡ ಕೋರ್ ಎಣಿಸಿ ದುಡ್ಡು ಕೇಳುತ್ತವೆ.

ಇನ್ನೊಂದು ಮಗ್ಗುಲಲ್ಲಿ ಲಿನಕ್ಸ್, ಪೋಸ್ಟ್‌ಗ್ರೆಸ್, ಎನ್‌ಜಿನ್‌ಎಕ್ಸ್‌ನಂಥ ಉಚಿತ ಸಾಫ್ಟ್‌ವೇರ್ ಬಳಸುವವರು ಇದ್ದಾರೆ. ಅವರಿಗೆ ಕೋರ್ ಜಾಸ್ತಿಯಾದರೆ ಯಾರೂ ಬಿಲ್ಲು ಕಳಿಸುವುದಿಲ್ಲ. ಅವರಿಗೆ 7742 ನಿಜಕ್ಕೂ ವರದಾನ. ಒಂದೇ ಪ್ರೊಸೆಸರ್ ಸಾಕು ಅನ್ನುವವರಿಗೆ 7702ಪಿ ಅಂತ ಇತ್ತು. ಅದೂ 64 ಕೋರ್, ಬೆಲೆ 4,425 ಡಾಲರ್. ಕೋರ್ ಒಂದಕ್ಕೆ 69 ಡಾಲರ್. ನನ್ನನ್ನು ಕೇಳಿದರೆ ಆ ಕಾಲದಲ್ಲಿ ಸರ್ವರ್ ಪೇಟೆಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಸಿಕ್ಕಿದ್ದು ಅದರಲ್ಲೇ.

ಕರೆಂಟ್ ಲೆಕ್ಕ ಬೇಗ ಮುಗಿಸುತ್ತೇನೆ. 7742 225 ವಾಟ್, 8280 205 ವಾಟ್. ಎಪಿಕ್ 20 ವಾಟ್ ಜಾಸ್ತಿ. ಆದರೆ ಅದೇ ಕೆಲಸಕ್ಕೆ ಎರಡು 8280 ಬೇಕಾದರೆ 410 ವಾಟ್ ಆಯಿತು. ವರ್ಷವಿಡೀ ಪೂರ್ತಿ ಹೊರೆಯಲ್ಲಿ ಓಡಿದರೆ ಒಂದು ಕಡೆ 1,971 ಯೂನಿಟ್, ಇನ್ನೊಂದು ಕಡೆ ಸುಮಾರು 3,592. ಯೂನಿಟ್‌ಗೆ 8 ರೂಪಾಯಿ ಅಂತ ಇಟ್ಟುಕೊಂಡರೆ ವರ್ಷಕ್ಕೆ ಸುಮಾರು 13,000 ರೂಪಾಯಿ ಉಳಿತಾಯ. ಎಸಿ ಖರ್ಚು ಬೇರೆ. ಒಂದು ಸರ್ವರ್ ಇದ್ದವರಿಗೆ ಇದು ಅಂಥ ದೊಡ್ಡ ಮೊತ್ತವಲ್ಲ. ಸಾವಿರ ಸರ್ವರ್ ಇರುವ ಡೇಟಾ ಸೆಂಟರ್‌ನಲ್ಲಿ ಇದೇ ನಿರ್ಧಾರ ಮಾಡುತ್ತದೆ.

ಎದುರಾಳಿ ಬಂದದ್ದರಿಂದ ಗಿರಾಕಿಗೆ ಆದ ಲಾಭ 2020ರ ಫೆಬ್ರವರಿಯಲ್ಲಿ ಕಣ್ಣಿಗೇ ಕಂಡಿತು. ಇಂಟೆಲ್ ಜಿಯಾನ್ ಗೋಲ್ಡ್ 6258ಆರ್ ಅಂತ ಬಿಟ್ಟಿತು. 28 ಕೋರ್, ಮೂಲ ವೇಗ 2.7 ಗಿಗಾಹರ್ಟ್ಸ್, ಗರಿಷ್ಠ 4.0, 38.5 ಎಂಬಿ ಕ್ಯಾಶ್, 205 ವಾಟ್. ಸಾಲುಸಾಲಾಗಿ ಓದಿದರೆ ಅದು 8280ರದ್ದೇ ಜಾತಕ. ಎರಡಕ್ಕಿಂತ ಜಾಸ್ತಿ ಪ್ರೊಸೆಸರ್ ಒಟ್ಟಿಗೆ ಹಾಕಲು ಬರುವುದಿಲ್ಲ ಅನ್ನುವುದೇ ದೊಡ್ಡ ವ್ಯತ್ಯಾಸ. ಬೆಲೆ 3,950 ಡಾಲರ್. ಹತ್ತು ತಿಂಗಳ ಹಿಂದೆ ಅದೇ ಸಾಮರ್ಥ್ಯಕ್ಕೆ 10,009 ಕೇಳುತ್ತಿದ್ದರು. ಹೊಸ ಪೀಳಿಗೆಯಲ್ಲೂ ಇದೇ ನಡೆಯಿತು. 2024ರ ಸೆಪ್ಟೆಂಬರ್‌ನಲ್ಲಿ 128 ಕೋರ್‌ನ ಜಿಯಾನ್ 6980ಪಿ 17,800 ಡಾಲರ್‌ಗೆ ಬಂತು. ಎಎಂಡಿಯ 128 ಕೋರ್‌ನ ಎಪಿಕ್ 9755 ಬೆಲೆ 12,984. 2025ರ ಜನವರಿಯಲ್ಲಿ ಇಂಟೆಲ್ ತನ್ನದನ್ನು 12,460ಕ್ಕೆ ಇಳಿಸಿತು. ಪಟ್ಟಿ ಬೆಲೆಯನ್ನು ಕಲ್ಲಿನ ಮೇಲಿನ ಬರಹ ಅಂತ ತಿಳಿಯಬೇಡಿ. ಎರಡೂ ಕಡೆಯ ಕೊಟೇಶನ್ ಕೈಯಲ್ಲಿಟ್ಟುಕೊಂಡು ಮಾತಾಡಿ.

ಹಾಗಾದರೆ ನಿಮ್ಮ ಕೆಲಸ ಯಾವ ಜಾತಿಯದು ಅಂತ ತಿಳಿಯುವುದು ಹೇಗೆ? ಈಗಿರುವ ಸರ್ವರ್ ಅನ್ನೇ ಒಂದು ವಾರ ಗಮನಿಸಿ. ಅದರಲ್ಲಿ ತಿಂಗಳ ಕೊನೆಯ ದಿನವೂ ಇರಲಿ. ಎಚ್‌ಟಾಪ್‌ನಲ್ಲಿ ಎಲ್ಲ ಗೆರೆಗಳೂ ತುಂಬುತ್ತಿದ್ದರೆ ನಿಮಗೆ ಕೋರ್ ಬೇಕು. ಒಂದೆರಡು ಮಾತ್ರ ತುಂಬಿ ಜನ ಕಾಯುತ್ತಿದ್ದರೆ ಚುರುಕಾದ ಕೋರ್ ಬೇಕು. ಯಾವುದೂ ತುಂಬದೆ ಕೆಲಸ ನಿಧಾನವಾಗಿದ್ದರೆ ಡಿಸ್ಕು, ನೆಟ್‌ವರ್ಕ್ ನೋಡಿ. ಸುಮ್ನೆ ಪ್ರೊಸೆಸರ್ ಬದಲಿಸಿ ದುಡ್ಡು ಕಳೆಯಬೇಡಿ. ಆಮೇಲೆ ಕ್ಲೌಡ್‌ನಲ್ಲಿ ಎರಡೂ ಬಗೆಯ ಮೆಷಿನ್ ಒಂದೊಂದು ದಿನಕ್ಕೆ ಬಾಡಿಗೆ ತೆಗೆದುಕೊಂಡು ನಿಮ್ಮದೇ ಪ್ರೋಗ್ರಾಂ ಓಡಿಸಿ ನೋಡಿ. ಅಮೆಜಾನ್‌ನ ಸಿ5ಎ ಅನ್ನುವ ಎಪಿಕ್ ಮೆಷಿನ್‌ಗಳು ಅದೇ ಗಾತ್ರದ ಇಂಟೆಲ್ ಸಿ5ಗಿಂತ ಸುಮಾರು 10 ಶೇಕಡಾ ಕಡಿಮೆ ಬಾಡಿಗೆಗೆ ಬಂದಿದ್ದವು. ಅಲ್ಲಿ ಬಾಡಿಗೆ ಪಟ್ಟಿಯಲ್ಲಿ ಎಣಿಸುವ ಒಂದು ವಿಸಿಪಿಯು ಅಂದರೆ ಒಂದು ಥ್ರೆಡ್, ಪೂರ್ತಿ ಕೋರ್ ಅಲ್ಲ ಅನ್ನುವುದು ನೆನಪಿರಲಿ.

ಸೆಕೆಂಡ್ ಹ್ಯಾಂಡ್ 7742 ಬಿಡಿಯಾಗಿ ಕೊಳ್ಳುವವರಿಗೆ ಇನ್ನೊಂದು ಮಾತು. ಕೆಲವು ಸರ್ವರ್ ಕಂಪನಿಗಳ ಬೋರ್ಡ್‌ನಲ್ಲಿ ಎಪಿಕ್ ಮೊದಲ ಸಲ ಬೂಟ್ ಆದಾಗ ಅದರೊಳಗಿನ ಸಣ್ಣ ಫ್ಯೂಸ್‌ಗಳು ಶಾಶ್ವತವಾಗಿ ಸುಟ್ಟು, ಪ್ರೊಸೆಸರ್ ಆ ಕಂಪನಿಗೇ ಲಾಕ್ ಆಗುತ್ತದೆ. ಸುರಕ್ಷತೆಗೆ ಅಂತ ಮಾಡಿದ ವ್ಯವಸ್ಥೆ. ಆಮೇಲೆ ಬೇರೆ ಕಂಪನಿಯ ಬೋರ್ಡ್‌ಗೆ ಹಾಕಿದರೆ ಅದು ಬೂಟ್ ಆಗುವುದೇ ಇಲ್ಲ. ಹೊರಗಿನಿಂದ ನೋಡಿದರೆ ಲಾಕ್ ಆಗಿರುವುದಕ್ಕೂ ಆಗದಿರುವುದಕ್ಕೂ ಯಾವ ಗುರುತೂ ಇರುವುದಿಲ್ಲ. ಯಾವ ಕಂಪನಿಯ ಸರ್ವರ್‌ನಿಂದ ಬಿಚ್ಚಿದ್ದು ಅಂತ ಕೇಳಿ. ನಿಮ್ಮ ಹತ್ತಿರ ಇರುವಂಥದೇ ಬೋರ್ಡ್‌ಗೆ ಹಾಕಿ, ಬೂಟ್ ಮಾಡಿ ತೋರಿಸಿದ ಮೇಲೆ ದುಡ್ಡು ಕೊಡಿ.